ಹಳೇ ಜಿಪ್ಸಿ, ಪೋಲೋ, ಥಾರ್: ಕೇಳ್ತಿರೋ ಬೆಲೆ ನ್ಯಾಯವಾ ಅಂತ ನೋಡೋದು ಹೇಗೆ?

ಬಳ್ಳಾರಿ, ಗಂಗಾವತಿ, ಸಿಂಧನೂರು, ಕೊಪ್ಪಳದ ಕಡೆಯಿಂದ ಓದುಗರು ಮತ್ತೆ ಮತ್ತೆ ಕೇಳೋದು ಒಂದೇ ಪ್ರಶ್ನೆ. ಗಾಡಿಯ ನಾಲ್ಕು ಫೋಟೊ ಕಳಿಸ್ತಾರೆ, ಕೆಳಗೆ ಒಂದು ಸಾಲು: ‘ಅಣ್ಣ, ಇದಕ್ಕೆ ಇಷ್ಟು ಕೊಡಬಹುದಾ?’ ಫೋಟೊ ನೋಡಿ ಯಾರೂ ಬೆಲೆ ಕಟ್ಟೋಕಾಗಲ್ಲ. ಆದರೆ ಲೆಕ್ಕ ಹಾಕುವ ದಾರಿ ಇದೆ. ಒಂದು ವಾರ ತಾಳ್ಮೆ ಇಟ್ಟರೆ ನೀವೇ ಹಾಕಬಹುದು.

ನಾನಿಲ್ಲಿ ಹೇಳ್ತಿರೋದು ದಿನಬಳಕೆಯ ಸಾಮಾನ್ಯ ಕಾರಿನ ಮಾತಲ್ಲ. ಡ್ರೈವಿಂಗ್ ಹುಚ್ಚಿರುವವರು ಹುಡುಕಿಕೊಂಡು ಹೋಗುವ ಗಾಡಿಗಳ ಮಾತು. ಮಾರುತಿ ಜಿಪ್ಸಿ, ಹಳೇ ಥಾರ್, ಪೋಲೋ ಜಿಟಿ, ಪುಂಟೊ ಅಬಾರ್ತ್, ಆಕ್ಟೇವಿಯಾ ಆರ್‌ಎಸ್, ಹೋಂಡಾ ಸಿಟಿ ವಿಟೆಕ್, ಇಂಥವು. ಸಾಮಾನ್ಯ ಕಾರಿನ ಬೆಲೆ ವರ್ಷ ಕಳೆದಂತೆ ಇಳೀತಾ ಹೋಗುತ್ತೆ. ಇವುಗಳ ಬೆಲೆ ಹಾಗಲ್ಲ. ಕೆಲವು ಇಳಿದು ಒಂದು ಕಡೆ ನಿಂತುಬಿಡುತ್ತವೆ, ಕೆಲವು ಮತ್ತೆ ಏರುತ್ತವೆ. ಹಾಗಾಗಿ ‘ವರ್ಷಕ್ಕೆ ಇಷ್ಟು ಕಳೀರಿ’ ಅನ್ನೋ ಸೂತ್ರ ಇಲ್ಲಿ ಕೆಲಸ ಮಾಡಲ್ಲ.

ಕೆಲಸ ಮಾಡುವ ಸೂತ್ರ ಇದು. ಅದೇ ಮಾಡೆಲ್‌ನ ಒಳ್ಳೆ ಗಾಡಿ ಇವತ್ತು ಎಷ್ಟಕ್ಕೆ ಸಿಗುತ್ತೆ ನೋಡಿ. ನಿಮ್ಮ ಮುಂದಿರುವ ಗಾಡಿಯನ್ನು ಅದೇ ಸ್ಥಿತಿಗೆ ತರೋಕೆ ಎಷ್ಟು ಖರ್ಚಾಗುತ್ತೆ ಲೆಕ್ಕ ಹಾಕಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಬರೋದೇ ನ್ಯಾಯವಾದ ಬೆಲೆ. ಖರ್ಚು ಅಂದರೆ ಗ್ಯಾರೇಜ್ ಖರ್ಚು ಮಾತ್ರ ಅಲ್ಲ, ಆರ್‌ಟಿಓ ಖರ್ಚೂ ಸೇರಿ.

ಮೊದಲು ಕೈಯಲ್ಲಿ ಇರಬೇಕಾದದ್ದು

ಒಂದು ನೋಟ್‌ಬುಕ್, ಫೋನಿನಲ್ಲಿ ಗಾಡಿಯ ದಾಖಲೆ ತೋರಿಸುವ ಸರ್ಕಾರಿ ಆ್ಯಪ್ ಎಂಪರಿವಾಹನ್, ಒಳ್ಳೆ ಟಾರ್ಚು, ಒಂದು ಸಣ್ಣ ಅಯಸ್ಕಾಂತ. ಜೊತೆಗೆ ಆ ಕಂಪನಿಯ ಗಾಡಿಯನ್ನೇ ಬಿಚ್ಚಿ ಗೊತ್ತಿರುವ ಒಬ್ಬ ಮೇಸ್ತ್ರಿ. ‘ಎಲ್ಲಾ ಗಾಡಿ ಮಾಡ್ತೀನಿ’ ಅನ್ನುವವರಿಗಿಂತ ಆ ಎಂಜಿನ್ ಕೈಯಲ್ಲಿ ಹಿಡಿದವರು ಬೇಕು. ಅರ್ಧ ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿ. ಪುಕ್ಕಟೆ ಕರೆದರೆ ಮುಖ ದಾಕ್ಷಿಣ್ಯಕ್ಕೆ ಪೂರ್ತಿ ನೋಡದೇ ಇರಬಹುದು.

1. ಮಾರುಕಟ್ಟೆ ಬೆಲೆ ಹಿಡಿಯಿರಿ

ಅದೇ ಮಾಡೆಲ್, ಅದೇ ಎಂಜಿನ್, ಅದೇ ಗೇರ್‌ಬಾಕ್ಸ್, ವರ್ಷ ಒಂದು ಹಿಂದೆ ಮುಂದೆ. ಹೀಗೆ ಹತ್ತು ಹನ್ನೆರಡು ಗಾಡಿಗಳ ಬೆಲೆ ಬರೆದುಕೊಳ್ಳಿ. ಬಳ್ಳಾರಿಯೊಂದರಲ್ಲೇ ಅಷ್ಟು ಸಿಗಲ್ಲ. ಬೆಂಗಳೂರು, ಹುಬ್ಬಳ್ಳಿ, ಹೈದರಾಬಾದ್ ಸೇರಿಸಿ.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಜಾಹೀರಾತಿನಲ್ಲಿ ಇರೋದು ಕೇಳುವ ಬೆಲೆ, ಮಾರಾಟವಾದ ಬೆಲೆ ಅಲ್ಲ. ತಿಂಗಳುಗಟ್ಟಲೆ ಹಾಗೇ ಬಿದ್ದಿರುವ ಜಾಹೀರಾತನ್ನು ಲೆಕ್ಕದಿಂದ ತೆಗೆಯಿರಿ. ಆ ಬೆಲೆಗೆ ಯಾರೂ ಕೊಳ್ಳಲಿಲ್ಲ ಅಂತಲೇ ಅದು ಅಲ್ಲಿದೆ. ಮಾರಿಹೋದ ಗಾಡಿಯ ಮಾಲೀಕರಿಗೂ ಫೋನ್ ಮಾಡಿ, ‘ಎಷ್ಟಕ್ಕೆ ಹೋಯ್ತು ಸರ್?’ ಅಂತ ಕೇಳಿ. ಮಾರಾಟ ಮುಗಿದ ಮೇಲೆ ಮುಚ್ಚಿಡೋಕೆ ಕಾರಣ ಇರಲ್ಲ, ಹೆಚ್ಚಿನವರು ಹೇಳ್ತಾರೆ.

ಹೊಸ ಕಾರಿನ ಬೆಲೆಯನ್ನೂ ಇವತ್ತಿನದೇ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹೊಸದು ಅಗ್ಗವಾದಾಗ ಹಳೆಯದೂ ಇಳಿಯಲೇಬೇಕು. ‘ನಾನು ಕೊಂಡಾಗ ಆನ್‌ರೋಡ್ ಇಷ್ಟಿತ್ತು’ ಅನ್ನೋ ಮಾತಿಗೆ ಬೆಲೆ ಕೊಡಬೇಡಿ. ಜಿಪ್ಸಿ ವಿಷಯದಲ್ಲೂ ಹೀಗೇ. 2023ರ ಜೂನ್‌ನಲ್ಲಿ ಮಾರುತಿಯದೇ ಹೊಸ ಫೋರ್ ವೀಲ್ ಡ್ರೈವ್ ಗಾಡಿ ಜಿಮ್ನಿ 12.74 ಲಕ್ಷ ಆರಂಭಿಕ ಎಕ್ಸ್‌ಶೋರೂಂ ಬೆಲೆಗೆ ಬಂತು. ಅದಾದ ಮೇಲೆ ಸಾಧಾರಣ ಸ್ಥಿತಿಯ ಜಿಪ್ಸಿಗೆ ಬಾಯಿಗೆ ಬಂದಷ್ಟು ಕೇಳೋರಿಗೆ ಒಂದೇ ಮಾತು ಕೇಳಿ: ಇದಕ್ಕೆ ಇಷ್ಟು ಹಾಕಿ, ರಿಪೇರಿಗೂ ಹಾಕಿದರೆ, ವಾರಂಟಿ ಇರೋ ಹೊಸ ಫೋರ್ ವೀಲ್ ಡ್ರೈವ್ ಎಷ್ಟು ದೂರ?

ಇನ್ನು ‘ರೇರ್ ಗಾಡಿ ಸರ್’ ಅನ್ನೋ ಮಾತು. ಅಪರೂಪ ಅನ್ನೋದು ಬೇರೆ, ಬೇಡಿಕೆ ಅನ್ನೋದು ಬೇರೆ. ಆಕ್ಟೇವಿಯಾ ಆರ್‌ಎಸ್ 245 ನಮ್ಮ ದೇಶಕ್ಕೆ 2020ರಲ್ಲಿ ಬಂದಿದ್ದು 200 ಗಾಡಿ ಮಾತ್ರ, ಅಷ್ಟೂ ಮಾರಿಹೋದವು. ಅದು ಅಪರೂಪವೂ ಹೌದು, ಬೇಕಾದವರೂ ಇದ್ದಾರೆ. ಆದರೆ ಯಾರಿಗೂ ಬೇಡವಾಗಿ ಕಡಿಮೆ ಮಾರಾಟವಾದ ಗಾಡಿಯೂ ರಸ್ತೆಯಲ್ಲಿ ಅಪರೂಪವೇ. ಅದಕ್ಕೆ ಜಾಸ್ತಿ ಕೊಡೋ ಕಾರಣ ಇಲ್ಲ. ನಾಳೆ ನೀವು ಮಾರುವಾಗ ಗಿರಾಕಿ ಸಿಗಲ್ಲ.

ಇನ್ಶೂರೆನ್ಸ್‌ನ ಐಡಿವಿಯನ್ನು, ಅಂದರೆ ಗಾಡಿ ಪೂರ್ತಿ ಹಾಳಾದರೆ ಅಥವಾ ಕಳುವಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತವನ್ನು, ಬೆಲೆ ಅಂತ ತೋರಿಸುವವರೂ ಇದ್ದಾರೆ. ಐದು ವರ್ಷ ದಾಟಿದ ಗಾಡಿಗೆ ಐಡಿವಿ ಕಂಪನಿಯೂ ಮಾಲೀಕರೂ ಒಪ್ಪಿ ಬರೆದ ಅಂಕಿ ಅಷ್ಟೇ. ಅದರ ಮೇಲೆ ಬೆಲೆ ಕಟ್ಟಬೇಡಿ.

2. ಗಾಡಿ ನೋಡೋ ಮೊದಲು ಕಾಗದ ನೋಡಿ

ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಹೆಚ್ಚು ಜನ ದುಡ್ಡು ಕಳಕೊಳ್ಳೋದು ಎಂಜಿನ್ನಿನಲ್ಲಲ್ಲ, ಕಾಗದದಲ್ಲಿ. ಕಾರಣ ಗಡಿ. ಬಳ್ಳಾರಿಗೆ ಆಂಧ್ರ ಅಂಟಿಕೊಂಡಿದೆ, ರಾಯಚೂರಿಗೆ ಆಂಧ್ರವೂ ತೆಲಂಗಾಣವೂ. ಎಪಿ, ಟಿಎಸ್, ಟಿಜಿ ನಂಬರಿನ ಗಾಡಿ ಇಲ್ಲಿ ಬೇಕಾದಷ್ಟು ಬರುತ್ತವೆ, ನೋಡೋಕೆ ಅಗ್ಗ ಅನ್ನಿಸುತ್ತವೆ. 2019ರಿಂದ ಆಂಧ್ರದಲ್ಲಿ ಇಡೀ ರಾಜ್ಯಕ್ಕೆ ಎಪಿ 39 ಅಂತ ಒಂದೇ ಸರಣಿ ಶುರುವಾಯಿತು. ಹಾಗಾಗಿ ನಂಬರ್ ನೋಡಿ ಯಾವ ಊರಿನ ಗಾಡಿ ಅಂತ ಹೇಳೋಕೂ ಆಗಲ್ಲ.

ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಕರ್ನಾಟಕದ ನಂಬರ್ ಮಾಡಿಸಲೇಬೇಕು. ನಿಮ್ಮ ಹೆಸರಿಗೆ ಮಾಡಿಸುವಾಗ ಆಜೀವ ತೆರಿಗೆ, ನಾವು ಲೈಫ್ ಟ್ಯಾಕ್ಸ್ ಅಂತೀವಲ್ಲ, ಅದನ್ನು ಮತ್ತೆ ಕಟ್ಟಬೇಕು. ಹೊಸ ಪೆಟ್ರೋಲ್, ಡೀಸೆಲ್ ಕಾರಿಗೆ ಇದು ಬೆಲೆಯ ಮೇಲೆ ಶೇ 13ರಿಂದ 18ರವರೆಗೆ ಇದೆ, ಮೇಲೆ ಸೆಸ್ ಬೇರೆ. ಹಳೇ ಗಾಡಿಗೆ ವಯಸ್ಸು ನೋಡಿ ಕಡಿಮೆಯಾಗುತ್ತೆ. ಆದರೆ ದುಬಾರಿ ಕಾರು ಎಷ್ಟು ಹಳೇದಾದರೂ ತೆರಿಗೆ ಸಣ್ಣದಿರಲ್ಲ. ಅಡ್ವಾನ್ಸ್ ಕೊಡೋ ಮೊದಲೇ ಆರ್‌ಸಿ ಪ್ರತಿ ಹಿಡಕೊಂಡು ನಿಮ್ಮ ಆರ್‌ಟಿಓಗೆ ಹೋಗಿ, ಕೌಂಟರಿನಲ್ಲೇ ಮೊತ್ತ ಕೇಳಿ ಬರೆದುಕೊಳ್ಳಿ. ‘ಹಳೇ ರಾಜ್ಯದಿಂದ ಟ್ಯಾಕ್ಸ್ ವಾಪಸ್ ಬರುತ್ತೆ ಬಿಡಿ’ ಅಂತ ಮಾರುವವರು ಹೇಳಬಹುದು. ಬಂದರೆ ಒಳ್ಳೇದು, ಲೆಕ್ಕಕ್ಕೆ ಮಾತ್ರ ಹಿಡಿಯಬೇಡಿ.

ದೆಹಲಿ ಗಾಡಿಗಳದ್ದು ಇನ್ನೊಂದು ಕಥೆ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅವು ದಕ್ಷಿಣಕ್ಕೆ ಅಗ್ಗದ ಬೆಲೆಗೆ ಹರಿದು ಬಂದವು. ಅಲ್ಲಿನ ಬೆಲೆಯನ್ನು ಇಲ್ಲಿನ ಬೆಲೆಯ ಪಕ್ಕ ಇಟ್ಟು ಖುಷಿಪಡಬೇಡಿ. ಸಾಗಿಸೋ ಖರ್ಚು, ಎನ್‌ಒಸಿ, ತೆರಿಗೆ ಮೂರೂ ಸೇರಿಸಿ ನೋಡಿ. ಎನ್‌ಒಸಿ ಅಂದರೆ ಹಳೇ ಆರ್‌ಟಿಓ ಕೊಡುವ ನಿರಾಕ್ಷೇಪಣಾ ಪತ್ರ, ಫಾರ್ಮ್ 28. ಅದರ ಮೇಲೆ ಯಾವ ಆರ್‌ಟಿಓಗೆ ಅಂತ ಬರೆದಿರುತ್ತೆ. ಅಲ್ಲಿ ನಿಮ್ಮ ಊರಿನ ಕಚೇರಿಯ ಹೆಸರೇ ಇರಬೇಕು.

ಬಿಎಚ್ ನಂಬರಿನ, ಅಂದರೆ ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವ ನೌಕರರಿಗೆ ಕೊಡುವ ಭಾರತ್ ಸರಣಿಯ ಗಾಡಿಗೆ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿರ್ತಾರೆ. ಆ ಸರಣಿಗೆ ನಿಮಗೆ ಅರ್ಹತೆ ಇಲ್ಲದಿದ್ದರೆ ಇಲ್ಲಿನ ತೆರಿಗೆ ಕಟ್ಟಿ ರಾಜ್ಯದ ನಂಬರ್ ಮಾಡಿಸಬೇಕು. ತೋರಣಗಲ್ಲು, ಕುಡಿತಿನಿ, ಶಕ್ತಿನಗರದ ಕಡೆ ಕೆಲಸಕ್ಕೆ ಬಂದು ವರ್ಗವಾಗಿ ಹೋಗುವವರ ಹತ್ತಿರ ಇಂಥವೂ ಬೇರೆ ರಾಜ್ಯದವೂ ಸಿಗ್ತವೆ. ಅವರಲ್ಲಿ ಸರ್ವಿಸ್ ದಾಖಲೆ ಜೋಡಿಸಿ ಇಟ್ಟವರು ಇರ್ತಾರೆ. ಹಾಗಾಗಿ ಇಂಥ ಗಾಡಿಯನ್ನು ಕೈಬಿಡಬೇಡಿ, ತೆರಿಗೆ ಕಳೆದು ಬೆಲೆ ಹೇಳಿ.

ಎಂಪರಿವಾಹನ್‌ನಲ್ಲಿ ನಂಬರ್ ಹಾಕಿ ಎಷ್ಟನೇ ಮಾಲೀಕರು, ಸಾಲ ಇದೆಯಾ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತೆ, ಆರ್‌ಸಿ ಯಾವತ್ತಿನವರೆಗೆ ಅಂತ ನೋಡಿ. ಬ್ಯಾಂಕ್ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಅದನ್ನು ತೆಗೆಸಬೇಕು, ಅದಕ್ಕೆ ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ ಬೇಕು. ಆ ಕೆಲಸ ಮಾರುವವರದ್ದು.

15 ವರ್ಷಕ್ಕೆ ಆರ್‌ಸಿ ಮುಗಿಯುತ್ತೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಸಾಮಾನ್ಯ ಕಾರಿಗೆ ಇದರ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ 10,000, ಆಮದು ಕಾರಾದರೆ 80,000 ಅಂತ ಮಾಡಿದರು. ವಿಟೆಕ್, ಫಿಯೆಟ್ ಪಾಲಿಯೋ, ಹಳೇ ಜಿಪ್ಸಿ ನೋಡ್ತಿರುವವರು ಇದನ್ನು ಬರೆದುಕೊಳ್ಳಿ. ಶುಲ್ಕಕ್ಕಿಂತ ದೊಡ್ಡ ಖರ್ಚು ಗಾಡಿಯನ್ನು ತಪಾಸಣೆಗೆ ಸರಿಮಾಡಿಸೋದು.

ಜಿಪ್ಸಿಗೆ ಇನ್ನೊಂದು ಎಚ್ಚರಿಕೆ. ಸೇನೆಯಿಂದ ಹರಾಜಿಗೆ ಬಂದ ಗಾಡಿಯಾದರೆ ತಯಾರಾದ ವರ್ಷವೂ ಖಾಸಗಿಯಾಗಿ ನೋಂದಣಿಯಾದ ವರ್ಷವೂ ಬೇರೆ ಇರುತ್ತೆ. ಜಾಹೀರಾತಿನಲ್ಲಿ ಎರಡನೆಯದನ್ನೇ ಹಾಕ್ತಾರೆ. ನೀವು ತಯಾರಾದ ವರ್ಷ ನೋಡಿ ಬೆಲೆ ಕಟ್ಟಿ.

3. ಬಾಡಿ: ನಮ್ಮ ಮಣ್ಣು ಹೇಳೋ ಸತ್ಯ

ಬೆಳಗಿನ ಬೆಳಕಿನಲ್ಲಿ, ತೊಳೆಯದ ಗಾಡಿ ನೋಡೋದು ಒಳ್ಳೇದು. ತೊಳೆದು ಪಾಲಿಶ್ ಹೊಡೆದು ನಿಲ್ಲಿಸಿದ್ದರೂ ಮಣ್ಣು ಒಳಗೆ ಉಳಿದಿರುತ್ತೆ. ಮುಂದಿನ ಸೀಟ್ ಬೆಲ್ಟನ್ನು ಪೂರ್ತಿ ಕೊನೆಯವರೆಗೆ ಎಳೆಯಿರಿ. ಸಾಮಾನ್ಯವಾಗಿ ಯಾರೂ ಅಷ್ಟು ಎಳೆಯಲ್ಲ, ತೊಳೆಯುವವರೂ ಎಳೆಯಲ್ಲ. ಕೊನೆಯ ಒಂದಡಿ ಬೆಲ್ಟಿನ ನೇಯ್ಗೆಯಲ್ಲಿ ಕೆಂಪು ಪುಡಿ ಕೂತಿದೆ, ಬೆರಳಿಗೆ ಕುಂಕುಮದ ಹಾಗೆ ಹತ್ತುತ್ತೆ ಅಂದರೆ ಆ ಗಾಡಿ ಸಂಡೂರು, ಹೊಸಪೇಟೆ ಕಡೆಯ ಅದಿರಿನ ರಸ್ತೆಯಲ್ಲಿ ಓಡಾಡಿದ್ದು. ಅಷ್ಟಕ್ಕೇ ಬೇಡ ಅನ್ನಬೇಕಿಲ್ಲ. ಆಗ ಏರ್ ಫಿಲ್ಟರ್ ಡಬ್ಬಿ ಬಿಚ್ಚಿಸಿ. ಫಿಲ್ಟರಿನ ಹೊರಬದಿ ಕೆಂಪಾಗಿದ್ದರೆ ಅದರ ಕೆಲಸ ಅದು ಮಾಡಿದೆ. ಒಳಬದಿಯಲ್ಲಿ, ಎಂಜಿನ್ ಕಡೆಗೆ ಹೋಗುವ ಪೈಪಿನಲ್ಲಿ ಕೆಂಪು ಪುಡಿ ಸಿಕ್ಕಿದರೆ ಧೂಳು ಸಿಲಿಂಡರಿನವರೆಗೆ ಹೋಗಿದೆ. ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು ಇರುವ ಗಾಡಿಯಾದರೆ ಇನ್ನೂ ಕೆಟ್ಟದ್ದು, ಆ ಪುಡಿ ಟರ್ಬೊದ ರೆಕ್ಕೆಗಳನ್ನು ಸವೆಸುತ್ತೆ. ಅಲ್ಲಿ ಬೆಲೆ ಇಳಿಸೋ ಮಾತು ಬೇಡ, ಎದ್ದು ಬನ್ನಿ.

ಅದೇ ಬೆಲ್ಟಿನಲ್ಲಿ ಒಂದು ಮಟ್ಟದವರೆಗೆ ಮಣ್ಣಿನ ಕಲೆ ಗೆರೆ ಎಳೆದ ಹಾಗೆ ಇದ್ದರೆ ಗಾಡಿ ನೀರಿನಲ್ಲಿ ನಿಂತಿತ್ತು ಅಂತ ಅರ್ಥ. ಇವತ್ತಿನ ಕಾರುಗಳಲ್ಲಿ ವೈರಿಂಗ್ ಎಲ್ಲಾ ಕಾರ್ಪೆಟ್ ಕೆಳಗೇ ಇರುತ್ತೆ. ಅಂಥ ಗಾಡಿ ಯಾವ ಬೆಲೆಗೂ ಬೇಡ.

ಸಿರುಗುಪ್ಪ, ಸಿಂಧನೂರು ಕಡೆಯ ಎರೆ ಮಣ್ಣು ಬೇರೆ ಥರ. ಒದ್ದೆಯಲ್ಲಿ ಅಂಟಿಕೊಂಡಿದ್ದು ಒಣಗಿದ ಮೇಲೆ ಕಲ್ಲಾಗುತ್ತೆ. ಥಾರ್, ಜಿಪ್ಸಿಯ ಚಾಸಿಯ ಮೂಲೆಗಳಲ್ಲಿ, ಹಿಂದಿನ ಪಟ್ಟಿ ಸ್ಪ್ರಿಂಗ್ ಸೇರುವ ಜಾಗದಲ್ಲಿ ಅದು ಕೂತು ತೇವ ಹಿಡಿಯುತ್ತೆ, ಕಬ್ಬಿಣ ಒಳಗೊಳಗೇ ತುಕ್ಕಾಗುತ್ತೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತೆ, ತುಕ್ಕು ತಿಂದ ಜಾಗ ಮಂಕಾಗಿ ಸದ್ದು ಮಾಡುತ್ತೆ. ನಮ್ಮ ಒಣ ಹವೆಯಲ್ಲಿ ತುಕ್ಕು ಕಡಿಮೆ, ಅದು ಇಲ್ಲಿನ ಗಾಡಿಗಳ ಅನುಕೂಲ. ಕೆಎ 19, ಕೆಎ 20, ಕೆಎ 30 ಅಂದರೆ ಮಂಗಳೂರು, ಉಡುಪಿ, ಕಾರವಾರದ ಗಾಡಿ ಆದರೆ ಲಿಫ್ಟ್ ಮೇಲೆ ಎತ್ತಿಸದೆ ಬೆಲೆ ಮಾತಾಡಬೇಡಿ.

ಆಕ್ಸಿಡೆಂಟ್ ಆಗಿದೆಯಾ ಅಂತ ತಿಳಿಯೋಕೆ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಕಬ್ಬಿಣದ ಬಾಗಿಲು, ಫೆಂಡರ್ ಮೇಲೆ ಓಡಿಸಿ. ಒಂದು ಕಡೆ ಹಿಡಿತ ಸಡಿಲವಾದರೆ ಅಲ್ಲಿ ಪುಟ್ಟಿ ತುಂಬಿದೆ. ಗಾಜುಗಳ ಮೂಲೆಯ ವರ್ಷದ ಗುರುತು ಎಲ್ಲದರಲ್ಲೂ ಹೊಂದಬೇಕು. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತೆ: 2319 ಅಂದರೆ 2019ರ 23ನೇ ವಾರ. ಟೈರ್ ಎಷ್ಟೇ ದಪ್ಪ ಕಂಡರೂ ಆರು ವರ್ಷ ದಾಟಿದ್ದರೆ ನಮ್ಮ ಬಿಸಿಲಿಗೆ ಅದನ್ನು ನಂಬಬೇಡಿ, ಹೊಸದರ ಬೆಲೆ ಕಳೆಯಿರಿ.

4. ಎಂಜಿನ್, ಗೇರ್‌ಬಾಕ್ಸ್

ಬೋನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ನೀವು ಬರೋ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ತಣ್ಣಗಿದ್ದಾಗಿನ ಸದ್ದು, ಹೊಗೆ ನಿಮಗೆ ಕಾಣಬಾರದು ಅಂತ. ಇನ್ನೊಂದು ದಿನ ಬರ್ತೀವಿ ಅನ್ನಿ. ನೀಲಿ ಹೊಗೆ ಅಂದರೆ ಆಯಿಲ್ ಉರೀತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಅಂದರೆ ಪೆಟ್ರೋಲ್ ಗಾಡಿಯಲ್ಲಿ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಹೆಡ್ ಕೆಳಗಿನ ಸೀಲು ಹೋಗಿರುವ ಅನುಮಾನ.

ಎರಡನೇ ಸಲ ಮಧ್ಯಾಹ್ನ ಓಡಿಸಿ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಎಸಿ ಹಾಕಿ ಹತ್ತು ನಿಮಿಷ ನಿಂತಲ್ಲೇ ಬಿಟ್ಟರೆ ರೇಡಿಯೇಟರ್, ಫ್ಯಾನ್, ಎಸಿ ಮೂರರ ಬಣ್ಣವೂ ಬಯಲಾಗುತ್ತೆ. ಆಮೇಲೆ ಹೈವೇಯಲ್ಲಿ ಐದನೇ ಗೇರಿನಲ್ಲಿ ನಿಧಾನದಿಂದ ಪೂರ್ತಿ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ.

ಪೋಲೋ ಜಿಟಿ ಟಿಎಸ್‌ಐನ ಹಳೇ 1.2 ಗಾಡಿಯಲ್ಲಿ 7 ಸ್ಪೀಡ್ ಡಿಎಸ್‌ಜಿ ಇದೆ. ಅದು ಎರಡು ಒಣ ಕ್ಲಚ್ ಇರುವ ಆಟೊಮ್ಯಾಟಿಕ್. ಅದರಲ್ಲಿ ಗೇರ್ ಹಾಕುವ ಮೆದುಳಿನಂಥ ಭಾಗಕ್ಕೆ ಮೆಕಾಟ್ರಾನಿಕ್ಸ್ ಅಂತಾರೆ. ಹಾಳಾದರೆ ದೊಡ್ಡ ಖರ್ಚು. ಬಿಸಿ ಟ್ರಾಫಿಕ್‌ನಲ್ಲಿ ಒಂದರಿಂದ ಎರಡಕ್ಕೆ ಜರ್ಕ್ ಹೊಡೆಯುತ್ತಾ, ರಿವರ್ಸ್ ತಡವಾಗಿ ಬೀಳುತ್ತಾ ನೋಡಿ. ಸ್ಕ್ಯಾನರ್ ಹಾಕಿಸಿ ಹಳೇ ಎರರ್‌ಗಳನ್ನು ಓದಿಸಿ. ಬದಲಿಸಿದ್ದಾರೆ ಅಂದರೆ ಬಿಲ್ ಕೇಳಿ. ಬಿಲ್ ಇದ್ದರೆ ಆ ಗಾಡಿಗೆ ಜಾಸ್ತಿ ಕೊಡಿ, ಅದು ಅದಕ್ಕೆ ಯೋಗ್ಯ. ಬಾಯಿ ಮಾತಿಗೆ ಕೊಡಬೇಡಿ.

ಥಾರ್, ಜಿಪ್ಸಿಯಲ್ಲಿ ಮಣ್ಣಿನ ಮೇಲೆ ಫೋರ್ ವೀಲ್ ಹಾಕಿ ಓಡಿಸಲೇಬೇಕು. ಒಣ ಡಾಂಬರಿನ ಮೇಲೆ ಹಾಕಿ ತಿರುಗಿಸಬೇಡಿ, ಅದು ಗೇರುಗಳಿಗೆ ಪೆಟ್ಟು. ವರ್ಷಗಟ್ಟಲೆ ಬಳಸದ ಲಿವರ್ ಗಟ್ಟಿಯಾಗಿರುತ್ತೆ. ‘ಗ್ರೀಸ್ ಹಾಕಿದರೆ ಸರಿಹೋಗುತ್ತೆ’ ಅಂದರೆ, ಹಾಕಿಸಿ ತೋರಿಸಿ ಅನ್ನಿ.

ಮೀಟರ್ ತಿರುಗಿಸೋದು ಇವತ್ತು ಕಷ್ಟದ ಕೆಲಸವೇ ಅಲ್ಲ. ಕಿಲೋಮೀಟರ್ ನಂಬೋ ಮೊದಲು ಸ್ಟೀರಿಂಗ್, ಕ್ಲಚ್ ಪೆಡಲ್ ರಬ್ಬರ್, ಡ್ರೈವರ್ ಸೀಟಿನ ಬಲ ಅಂಚು ನೋಡಿ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಮಾಲೀಕರ ಮೂಲಕ ಹಳೇ ದಾಖಲೆ ತೆಗೆಸಿ.

2005ರ ಹಿಂದಿನ ಪೆಟ್ರೋಲ್ ಗಾಡಿಗಳಲ್ಲಿ ಪೆಟ್ರೋಲ್ ಪೈಪುಗಳನ್ನು ಒತ್ತಿ ನೋಡಿ. ಈಗ ಬಂಕುಗಳಲ್ಲಿ ಬರೋದು ಶೇ 20 ಎಥನಾಲ್ ಇರುವ ಪೆಟ್ರೋಲ್, ಹಳೇ ರಬ್ಬರ್ ಅದಕ್ಕೆ ತಡೆಯಲ್ಲ. ಬಿರುಕು ಬಿಟ್ಟಿದ್ದರೆ ಪೈಪು, ಸೀಲು ಎಲ್ಲಾ ಬದಲಿಸೋ ಖರ್ಚು ಬರೆದುಕೊಳ್ಳಿ. ಇದು ಬೆಂಕಿಯ ವಿಷಯ, ಮುಂದೂಡಬೇಡಿ.

5. ಮಾಡಿಫಿಕೇಶನ್‌ಗೆ ದುಡ್ಡು ಕೊಡಬೇಡಿ

‘ಸೈಲೆನ್ಸರ್‌ಗೆ ಇಷ್ಟು, ಅಲಾಯ್‌ಗೆ ಇಷ್ಟು, ರೀಮ್ಯಾಪ್‌ಗೆ ಇಷ್ಟು ಹಾಕಿದ್ದೀನಿ’ ಅಂತ ಕೂಡಿಸಿ ಹೇಳ್ತಾರೆ. ರೀಮ್ಯಾಪ್ ಅಂದರೆ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಹೆಚ್ಚಿಸೋದು. ಅದು ಅವರ ಖುಷಿಗೆ ಮಾಡಿದ ಖರ್ಚು, ನಿಮ್ಮ ಮೇಲೆ ಹಾಕೋದು ಸರಿಯಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅಪಘಾತವಾದಾಗ ಇನ್ಶೂರೆನ್ಸ್ ಕಂಪನಿ ತಕರಾರು ತೆಗೆಯಬಹುದು. ಬಣ್ಣ ಬದಲಿಸಿದ್ದರೆ, ಎಂಜಿನ್ ಬದಲಿಸಿದ್ದರೆ ಆರ್‌ಸಿಯಲ್ಲಿ ಬರೆಸಿರಬೇಕು. ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ನಿಮ್ಮ ಕಣ್ಣಲ್ಲೇ ಹೋಲಿಸಿ.

ಬೆಲೆ ಕೊಡಬೇಕಾದ್ದು ಬಿಚ್ಚಿಟ್ಟ ಕಂಪನಿ ಸಾಮಾನಿಗೆ. ಮೂಲ ಸೈಲೆನ್ಸರ್, ಚಕ್ರ, ಸ್ಪ್ರಿಂಗ್ ಇಟ್ಟಿದ್ದರೆ ಕೇಳಿ ಪಡೆಯಿರಿ. ಅಪರೂಪದ ಮಾಡೆಲ್‌ಗಳಲ್ಲಿ ಇವು ಹುಡುಕಿದರೂ ಸಿಗಲ್ಲ. ಅಷ್ಟೂ ಮೂಲ ಸ್ಥಿತಿಯಲ್ಲಿರುವ ಗಾಡಿಗೆ ಮಾರುಕಟ್ಟೆಗಿಂತ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟವಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

6. ಲೆಕ್ಕ ಹಾಕಿ

ಅಂಕಿಗಳು ಲೆಕ್ಕ ತೋರಿಸೋಕೆ ಮಾತ್ರ. ನಿಮ್ಮ ಗಾಡಿಗೆ ನೀವೇ ವಿಚಾರಿಸಿ ಹಾಕಿಕೊಳ್ಳಿ. ಕರ್ನಾಟಕ ನಂಬರಿನ ಒಳ್ಳೆ ಟರ್ಬೊ ಹ್ಯಾಚ್‌ಬ್ಯಾಕ್ 6,00,000ಕ್ಕೆ ಮಾರಾಟವಾಗ್ತಿದೆ ಅಂತಿಟ್ಟುಕೊಳ್ಳಿ. ನೀವು ನೋಡಿದ್ದು ಎಪಿ ನಂಬರು, ಕೇಳ್ತಿರೋದು 5,40,000. ಅರವತ್ತು ಸಾವಿರ ಅಗ್ಗ ಅನ್ನಿಸುತ್ತೆ, ಅಲ್ವಾ?

ನಾಲ್ಕು ಟೈರ್ 30,000. ಕ್ಲಚ್ 25,000. ಸಸ್ಪೆನ್ಷನ್ ಬುಷ್ ಕೆಲಸ 18,000. ಮುಗಿದ ಇನ್ಶೂರೆನ್ಸ್ 15,000. ಇಲ್ಲಿನ ತೆರಿಗೆ 60,000. ಒಟ್ಟು 1,48,000. ಆರು ಲಕ್ಷದಲ್ಲಿ ಕಳೆದರೆ 4,52,000. ಅಂದರೆ ಅವರು 88,000 ಜಾಸ್ತಿ ಕೇಳ್ತಿದ್ದಾರೆ.

ಬಿಡಿಭಾಗದ ಬೆಲೆಯನ್ನು ಊಹಿಸಬೇಡಿ, ಅಂಗಡಿಗೆ ಫೋನ್ ಮಾಡಿ ಕೇಳಿ. ನಿಮ್ಮ ಊರಲ್ಲಿ ಆ ಕಂಪನಿಯ ಸರ್ವಿಸ್ ಸೆಂಟರ್ ಇಲ್ಲ, ಹುಬ್ಬಳ್ಳಿಗೋ ಹೈದರಾಬಾದಿಗೋ ಒಯ್ಯಬೇಕು ಅಂದರೆ ಆ ಓಡಾಟವೂ ಖರ್ಚೇ. ಇದೆಲ್ಲದರ ಹೊರಗೆ, ಕೊಂಡ ಮೊದಲ ವರ್ಷಕ್ಕೆ ಅಂತ ಗಾಡಿ ಬೆಲೆಯ ಹತ್ತನೇ ಒಂದು ಭಾಗ ಬೇರೆ ಎತ್ತಿಡಿ. ಅದು ಇಲ್ಲದಿದ್ದರೆ ಒಂದು ಮೆಟ್ಟಿಲು ಕೆಳಗಿನ ಗಾಡಿ ನೋಡೋದೇ ಒಳ್ಳೇದು.

7. ಮಾತುಕತೆ, ಮುಂಗಡ, ಹೆಸರು ಬದಲಾವಣೆ

ಗಾಡಿಯನ್ನು ಹೀಗಳೆಯಬೇಡಿ. ಪ್ರೀತಿಯಿಂದ ಸಾಕಿದವರಿಗೆ ನೋವಾಗುತ್ತೆ, ಮಾತು ಅಲ್ಲೇ ಮುರಿಯುತ್ತೆ. ಪಟ್ಟಿ ಮುಂದಿಟ್ಟು, ‘ಸರ್, ಇಷ್ಟು ಕೆಲಸ ಇದೆ, ಅದಕ್ಕೆ ಇಷ್ಟು ಹೇಳ್ತಿದ್ದೀನಿ’ ಅನ್ನಿ. ಏಜೆಂಟ್ ಮಧ್ಯೆ ಇದ್ದರೆ ಕಮಿಷನ್ ಯಾರು ಕೊಡ್ತಾರೆ ಅಂತ ಮೊದಲೇ ಕೇಳಿ. ‘ಇನ್ನೊಂದು ಪಾರ್ಟಿ ಸಂಜೆ ಬರ್ತಿದೆ’ ಅಂದರೆ ಬರಲಿ ಬಿಡಿ.

ಅಡ್ವಾನ್ಸ್ ಸಣ್ಣದಿರಲಿ, ಬ್ಯಾಂಕ್ ಮೂಲಕ ಹೋಗಲಿ. ಎನ್‌ಒಸಿ ಬರದಿದ್ದರೆ ವಾಪಸ್ ಅಂತ ಚೀಟಿಯಲ್ಲಿ ಬರೆಸಿ. ಪೂರ್ತಿ ಹಣ ಎನ್‌ಒಸಿ, ಮೂಲ ಆರ್‌ಸಿ, ಹೆಸರು ಬದಲಾವಣೆಗೆ ಬೇಕಾದ ಸಹಿ ಮಾಡಿದ ಫಾರ್ಮ್ 29 ಮತ್ತು 30 ಕೈಗೆ ಬಂದ ಮೇಲೆ ಮಾತ್ರ. ಗಾಡಿ ಒಪ್ಪಿಸಿಕೊಂಡ ದಿನ, ಗಂಟೆ ಬರೆದು ಇಬ್ಬರೂ ಸಹಿ ಹಾಕಿ. ಅದಕ್ಕಿಂತ ಮುಂಚಿನ ದಂಡ, ಕೇಸು ಅವರದ್ದು.

ಹೆಸರು ಬದಲಾವಣೆಗೆ 30 ದಿನದೊಳಗೆ ಅರ್ಜಿ ಹಾಕಿ. ಇನ್ಶೂರೆನ್ಸ್ ವರ್ಗಾವಣೆಗೆ ಇರೋದು 14 ದಿನ. ಪಾಲಿಸಿಯಲ್ಲಿರುವ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೇ ಇದ್ದುದಕ್ಕೆ ಸಿಗುವ ರಿಯಾಯಿತಿ, ಹಳೇ ಮಾಲೀಕರದ್ದು, ಗಾಡಿಯ ಜೊತೆ ಬರಲ್ಲ. ಹಾಗಾಗಿ ಪ್ರೀಮಿಯಂ ವ್ಯತ್ಯಾಸ ನೀವು ಕಟ್ಟಬೇಕಾಗುತ್ತೆ. ಗಾಜಿನ ಮೇಲಿರುವ ಫಾಸ್ಟ್ಯಾಗ್ ಅವರ ಖಾತೆಯದ್ದು. ಅವರು ಅದನ್ನು ಮುಚ್ಚಿಸುವವರೆಗೂ ನೀವು ದಾಟಿದ ಟೋಲ್‌ನ ದುಡ್ಡು ಅವರಿಂದ ಹೋಗುತ್ತೆ, ನಿಮಗೆ ಹೊಸದೂ ಸಿಗಲ್ಲ. ಗಾಡಿ ತರೋ ದಿನವೇ ಅವರ ಫೋನಿನಿಂದಲೇ ಅದನ್ನು ಮುಚ್ಚಿಸಲು ಹೇಳಿ.